ಎರಡು ಸಲ ಕೂಗಿದ ಯಂತ್ರ

ಮಸಗುಪ್ಪಿ
14 ಏಪ್ರಿಲ್ 2025

ಸರಿತಾ,

ನಿನ್ನ ಕ್ಷೇಮ ಕೇಳಲು ಇದನ್ನು ಬರೆಯುತ್ತಿಲ್ಲ. ನಿನ್ನ ನಂಬರನ್ನು ನನ್ನ ಫೋನಿನಿಂದ ತೆಗೆದು ಇಪ್ಪತ್ತು ದಿನವಾಯಿತು. ಫೋನಿನಲ್ಲಿ ಆಡಿದ ಮಾತನ್ನು ಮರುದಿನ ಆಡಿಯೇ ಇಲ್ಲ ಎನ್ನುವುದು ನಿನಗೆ ಚೆನ್ನಾಗಿ ಬರುತ್ತದೆ. ಕಾಗದದ ಮೇಲೆ ಬರೆದದ್ದು ಬರೆದಲ್ಲೇ ಇರುತ್ತದೆ. ಅದಕ್ಕೇ ಈ ರಿಜಿಸ್ಟರ್ ಪೋಸ್ಟು. ಉತ್ತರವನ್ನೂ ಬರೆದೇ ಕಳಿಸು, ಕೆಳಗೆ ನಿನ್ನ ಹೆಸರಿರಲಿ.

ಅವ್ವನ ಕಾಲು ಆರಿದೆ. ಮೊಣಕಾಲಿನ ಕೆಳಗೆ ಏನೂ ಇಲ್ಲದ್ದನ್ನು ಆರಿದ್ದು ಎನ್ನಬಹುದಾದರೆ ಆರಿದೆ. ಬೆಳಿಗ್ಗೆ ಎದ್ದ ಕೂಡಲೇ ಇಲ್ಲದ ಪಾದ ತುರಿಸುತ್ತದೆ ಎನ್ನುತ್ತಾಳೆ. ಬಚ್ಚಲಿಗೆ ನಾನು ಎತ್ತಿಕೊಂಡು ಒಯ್ಯುತ್ತೇನೆ. ಸೀರೆ ಉಡಿಸಲು ಬಾಜೂ ಮನೆಯ ಹೆಣ್ಣುಮಗಳು ಬರುತ್ತಾಳೆ. ಇದನ್ನೆಲ್ಲ ಮಾಡುತ್ತಿದ್ದ ನನ್ನ ಹೆಂಡತಿ ಹುಕ್ಕೇರಿಯಲ್ಲಿ ತವರಿನ ಪಡಸಾಲೆಯಲ್ಲಿ ಕೂತಿದ್ದಾಳೆ. ಏಕೆ ಕೂತಿದ್ದಾಳೆ ಎಂಬುದು ನಿನಗೆ ಗೊತ್ತು.

ಫೆಬ್ರುವರಿ ಐದರಂದು, ಅವ್ವನನ್ನು ಕಾಲು ತೆಗೆಯಲು ಒಳಗೆ ಒಯ್ದಾಗ, ನಿಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿ ಹತ್ತು ಜನರ ಎದುರು ನೀನು ನನಗೆ ಹೇಳಿದೆ: "ನಮ್ಮ ಮಷೀನಿಂದ ತಪ್ಪಲ್ಲಣ್ಣ. ವೈನಿ ರಕ್ತದ ಬಾಟ್ಲಿಗೆ ದೇವರ ಭಂಡಾರ ಹಚ್ಚ್ಯಾರ. ಅದಕ್ಕ ರಿಪೋರ್ಟ್ ತಡಾ ಆತು." ನೀನು ಬಿಳಿ ಕೋಟು ಹಾಕಿದ್ದೆ, ನಾನು ನಂಬಿದೆ. ಅಲ್ಲೇ ನಿನ್ನ ವೈನಿ ಕಾಶೆವ್ವನ ಕಡೆ ತಿರುಗಿ, ನೀ ನಮ್ಮವ್ವನ ಕಾಲು ತಿಂದಿ ಎಂದೆ. ಅವಳು "ನನ್ನ ಒಂದ ಮಾತರ ಕೇಳಿದ್ರೇನ್ರಿ?" ಎಂದಳು. ನಾನು ಕೇಳಲಿಲ್ಲ. ಅವ್ವ ಮನೆಗೆ ಬಂದ ಮೂರನೇ ದಿನ ಅವಳು ಎರಡು ಸೀರೆ ಗಂಟು ಕಟ್ಟಿಕೊಂಡು ಹೋದಳು. ಅಷ್ಟರಲ್ಲಿ ಊರು ಅವಳಿಗೆ ಅತ್ತೆಯ ಕಾಲು ತಿಂದವಳು ಎಂದು ಹೆಸರಿಟ್ಟಾಗಿತ್ತು.

ಈಗ ಕೇಳು. ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಲು ಆಸ್ಪತ್ರೆಯಿಂದ ಅವ್ವನ ಕಾಗದಗಳನ್ನು ತರಿಸಿದೆ. ಅದರಲ್ಲಿ ನಿನ್ನ ರಕ್ತ ಪರೀಕ್ಷೆಯ ಯಂತ್ರ ತಾನೇ ಅಚ್ಚು ಹಾಕಿದ ಒಂದು ಚೀಟಿ ಇದೆ. ಅದು ಕೂಗಿದ್ದು ಒಂದು ಸಲವಲ್ಲ, ಎರಡು ಸಲ. ಫೆಬ್ರುವರಿ ಎರಡು, ಭಾನುವಾರ ಸಂಜೆ 5.50. ಫೆಬ್ರುವರಿ ಮೂರು, ಸೋಮವಾರ ಬೆಳಿಗ್ಗೆ 8.05. ಡಾಕ್ಟರಿಗೆ ವರದಿ ಹೋದದ್ದು ಸೋಮವಾರ ಸಂಜೆ ಐದೂಕಾಲಿಗೆ. ನೀನು ನನಗೆ ಹೇಳಿದ್ದು ಒಂದೇ ಕೂಗು. ಎಂಟರಿಂದ ಐದರವರೆಗೆ ಏನು ಮಾಡುತ್ತಿದ್ದೆ?

ಬಾಳೇಶ


ಗೋಕಾಕ
22 ಏಪ್ರಿಲ್ 2025

ಅಣ್ಣ,

ಕಟಕಟೆಯಲ್ಲಿ ನಿಲ್ಲಿಸಿದವರಂತೆ ಕೇಳಿದ್ದೀ. ಹಾಗೇ ಉತ್ತರ ಕೊಡುತ್ತೇನೆ.

ನಮ್ಮ ಯಂತ್ರ ಕಪಾಟಿನಷ್ಟು ದೊಡ್ಡದು. ಒಳಗೆ ಮೈ ಬಿಸಿಯಷ್ಟೇ ಬಿಸಿ. ರೋಗಿಯ ರಕ್ತವನ್ನು ಗಂಜಿಯಂಥ ನೀರು ತುಂಬಿದ ಬಾಟಲಿಗೆ ಹಾಕಿ ಅದರಲ್ಲಿಡುತ್ತೇವೆ. ಅದು ತೊಟ್ಟಿಲಂತೆ ಮೆಲ್ಲಗೆ ತೂಗುತ್ತಿರುತ್ತದೆ. ರಕ್ತದಲ್ಲಿ ರೋಗಾಣು ಇದ್ದರೆ ಅವು ಬೆಳೆದು ಗಾಳಿ ಬಿಡುತ್ತವೆ. ಬಾಟಲಿಯ ತಳದಲ್ಲಿ ಒಂದು ಹಸಿರು ಬಿಲ್ಲೆ ಇದೆ, ಆ ಗಾಳಿ ತಗುಲಿದರೆ ಅದು ಹಳದಿಯಾಗುತ್ತದೆ. ಯಂತ್ರ ಹತ್ತು ನಿಮಿಷಕ್ಕೊಮ್ಮೆ ಬೆಳಕು ಬಿಟ್ಟು ತಳ ನೋಡುತ್ತದೆ. ಹಳದಿ ಕಂಡರೆ ಕೂಗುತ್ತದೆ. ಹಳದಿ ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ಅದಕ್ಕಿಲ್ಲ.

ಭಾನುವಾರ ಬಾಟಲಿ ಇಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ಕೂಗಿತು. ಅಷ್ಟು ಬೇಗ ಯಾವ ರೋಗಾಣುವೂ ಬೆಳೆಯುವುದಿಲ್ಲ. ಆದರೂ ಒಂದು ಹನಿ ತೆಗೆದು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ ನೋಡಿದೆ. ಏನೂ ಇರಲಿಲ್ಲ. ಬಾಟಲಿ ತಿರುವಿ ನೋಡಿದರೆ ತಳಕ್ಕೆ ಭಂಡಾರದ ಅರಿಶಿನ ಪುಡಿ ಮೆತ್ತಿತ್ತು. ಸ್ಪಿರಿಟ್ ಹಚ್ಚಿ ಒರೆಸಿ ಮತ್ತೆ ಇಟ್ಟೆ. ಮರುದಿನ ಬೆಳಿಗ್ಗೆ ಕೂಗಿದಾಗ, ಒರೆಸಿದ್ದು ಸಾಲಲಿಲ್ಲ, ಪುಡಿ ಉಳಿದಿದೆ ಎಂದುಕೊಂಡೆ. ಇನ್ನೊಮ್ಮೆ ಒರೆಸಿ, ಕೂಗು ನಿಲ್ಲಿಸಿ, ಬೇರೆ ಗೂಡಿನಲ್ಲಿಟ್ಟೆ. ನನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಸಂಜೆ ಡಾಕ್ಟರು ಕೇಳಿದಾಗ ಗಾಜಿನ ಮೇಲೆ ಹಾಕಿ ನೋಡಿದರೆ ದ್ರಾಕ್ಷಿ ಗೊಂಚಲಿನ ಹಾಗೆ ರೋಗಾಣು ಕಂಡವು. ಅಷ್ಟರವರೆಗೆ ಅವರು ಅಂದಾಜಿನ ಮೇಲೆ ಕೊಡುತ್ತಿದ್ದ ಔಷಧಕ್ಕೆ ಆ ಜಾತಿ ಬಗ್ಗುವುದಿಲ್ಲ ಎಂದು ಆಮೇಲೆ ತಿಳಿಯಿತು.

ಒಂಬತ್ತು ತಾಸಿನ ಲೆಕ್ಕ ನನ್ನನ್ನು ಕೇಳುತ್ತೀ. ಮೂರು ದಿನದ ಲೆಕ್ಕ ನಿನ್ನನ್ನು ಯಾರು ಕೇಳಬೇಕು? ಅವ್ವನ ಕಾಲಿಗೆ ಕಬ್ಬಿನ ಕೂಳೆ ಚುಚ್ಚಿದ್ದು ಗುರುವಾರ. ಶುಕ್ರವಾರ ಜ್ವರ, ಶನಿವಾರ ಬಡಬಡಿಕೆ. ನೀನು ನಿನ್ನ ಹಿಟ್ಟಿನ ಗಿರಣಿಯ ಮುಂದೆ ನಿಂತವರ ಸರದಿ ಮುಗಿಯಲಿ ಎಂದು ಗಾಯಕ್ಕೆ ಎಣ್ಣೆ-ಅರಿಶಿನ ಕಟ್ಟಿ ಕೂತೆ. ಭಾನುವಾರ ನನ್ನ ಕೈಗೆ ತಂದು ಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ಗಂಡಸರಿಗೂ ಸಲ್ಲುತ್ತದೆ.

ವೈನಿಯನ್ನು ಮನೆ ಬಿಡಿಸಿದ್ದು ನಿನ್ನ ಬಾಯಿ. ನನ್ನದಲ್ಲ.

ಹೆಸರು ಬೇಕೆಂದೆಯಲ್ಲ, ತಗೋ:
ಸರಿತಾ


ಮಸಗುಪ್ಪಿ
6 ಮೇ 2025

ಸರಿತಾ,

ಮೂರು ದಿನದ ತಪ್ಪು ನನ್ನದೇ. ಅದನ್ನು ಊರ ಮುಂದೆ ಒಪ್ಪಿದ್ದೇನೆ, ಈಗ ಕಾಗದದ ಮೇಲೂ ಒಪ್ಪಿದೆ. ನಾನು ಒಪ್ಪಿದ್ದರಿಂದ ನಿನ್ನ ಒಂಬತ್ತು ತಾಸು ಕಡಿಮೆಯಾಗುವುದಿಲ್ಲ.

ಯಂತ್ರದ ಪಾಠ ನನಗೆ ಹೇಳಬೇಡ. ಇಪ್ಪತ್ತೆರಡು ವರ್ಷ ಗಿರಣಿ ನಡೆಸಿದ್ದೇನೆ. ಬೆಲ್ಟು ಸರಿದರೆ ಗಿರಣಿ ಕಿರುಚುತ್ತದೆ. ನಿನ್ನೆಯೂ ಕಿರುಚಿತ್ತು, ನಿನ್ನೆ ಏನೂ ಆಗಿರಲಿಲ್ಲ ಎಂದು ಇವತ್ತು ನಾನು ಸುಮ್ಮನಿರುವುದಿಲ್ಲ. ಪ್ರತಿ ಸಲ ಬಂದ್ ಮಾಡಿ, ಬಗ್ಗಿ, ಕೈ ಹಾಕಿ ನೋಡುತ್ತೇನೆ. ನೀನು ಕೂಗು ನಿಲ್ಲಿಸಿದೆ, ಬಗ್ಗಿ ನೋಡಲಿಲ್ಲ. ಮೊದಲ ಸಲ ಹನಿ ತೆಗೆದು ನೋಡಿದವಳು ಎರಡನೇ ಸಲ ಏಕೆ ನೋಡಲಿಲ್ಲ? ನನಗೆ ತಿಳಿಯದ್ದು ಅದೇ.

ಮೊನ್ನೆ ಹುಕ್ಕೇರಿಗೆ ಹೋಗಿದ್ದೆ. ಕಾಶೆವ್ವ ಹೊಸ್ತಿಲ ತನಕ ಬಂದಳು, ದಾಟಲಿಲ್ಲ. ಅವಳ ಅಣ್ಣ ಶಿವಾನಂದ ಕೂಡ್ರು ಎನ್ನಲಿಲ್ಲ. ನೀರು ಕೊಡಲಿಲ್ಲ. ನಾನು ನಿಂತೇ ಕೇಳಿದೆ, ಬಾಟಲಿಗೆ ಭಂಡಾರ ಹಚ್ಚಿದ್ದೆಯೋ ಇಲ್ಲವೋ ಎಂದು. ಅವಳು ನನ್ನ ಮುಖ ನೋಡದೆ ಹೇಳಿದಳು: "ಬಾಟ್ಲಿ ನಾ ಮುಟ್ಟಿಲ್ಲ. ಯಾರ ಕೈಯಾಗ ಇತ್ತು, ಅವರ್ನ ಕೇಳ್ರಿ." ಹಾಗೆಂದು ಒಳಗೆ ಹೋದಳು.

ಆದ್ದರಿಂದ ಕೇಳುತ್ತಿದ್ದೇನೆ. ಕಾಶೆವ್ವ ಬಾಟಲಿಗೆ ಭಂಡಾರ ಹಚ್ಚಿದ್ದನ್ನು ನೀನು ಕಣ್ಣಾರೆ ನೋಡಿದೆಯಾ? "ನೋಡಿದೆ" ಎಂದು ಒಂದು ಸಾಲು ಬರೆ. ಆಮೇಲೆ ನಾನು ನಿನಗೆ ತೊಂದರೆ ಕೊಡುವುದಿಲ್ಲ. ಬರೆಯದಿದ್ದರೆ ನಿಮ್ಮ ಆಸ್ಪತ್ರೆಯ ದೊಡ್ಡವರಿಗೆ ಆ ಚೀಟಿಯ ಸಮೇತ ದೂರು ಹೋಗುತ್ತದೆ.

ಬಾಳೇಶ


ಗೋಕಾಕ
19 ಮೇ 2025

ಅಣ್ಣ,

ದೂರು ಕೊಡುವುದಿದ್ದರೆ ಕೊಡು. ಹೆದರಿಸಿ ಬರೆಸಿಕೊಳ್ಳುವ ಸಾಲನ್ನು ನಾನು ಬರೆಯುವುದಿಲ್ಲ.

ಭಾನುವಾರ ಆ ವಾರ್ಡಿನಲ್ಲಿ ಅವ್ವನ ಹಾಸಿಗೆಯ ಹತ್ತಿರ ಇದ್ದವರು ಯಾರು? ವೈನಿ. ಗಿರಣಿಯ ಬೆಲ್ಟಿಗೂ ವಾರಕ್ಕೊಮ್ಮೆ ಭಂಡಾರ ಹಚ್ಚುವವರು ಯಾರು? ವೈನಿ. ಹೊಸ ಸೈಕಲ್ಲು ಬರಲಿ, ಹೊಸ ಬೋರಿನ ಪೈಪು ಬರಲಿ, ಮೊದಲು ಚಿಂಚಲಿ ಮಾಯವ್ವ ದೇವಿಯ ಭಂಡಾರ ಬೀಳಬೇಕು ಅವರ ಕೈಯಿಂದ. ಬಾಟಲಿಯೊಂದನ್ನು ಬಿಟ್ಟರೆಂದು ನಂಬಬೇಕೇ ನಾನು? ಆಸ್ಪತ್ರೆಯವರು ಆಗಲೇ ವಿಚಾರಣೆ ಮಾಡಿ, ನನ್ನ ಬರಹವನ್ನು ಓದಿ, ಒಪ್ಪಿ, ಕಡತ ಮುಚ್ಚಿದ್ದಾರೆ. ಅದನ್ನು ತೆರೆಯಿಸುವವನು ನನ್ನ ಒಡಹುಟ್ಟಿದವನು.

ನನ್ನ ನೌಕರಿ ಹೋದರೆ ಅವ್ವನಿಗೆ ಕಾಲು ಬರುತ್ತದೆಯೇ? ಅವಳ ಗಾಯಕ್ಕೆ ಬೇಕಾದ ಪಟ್ಟಿ, ಔಷಧಗಳನ್ನು ತಿಂಗಳು ತಿಂಗಳು ಬಸ್ಸಿನಲ್ಲಿ ಕಳಿಸುತ್ತಿರುವುದು ನಾನು. ಅದನ್ನು ನೀನು ಒಂದು ಪತ್ರದಲ್ಲೂ ಬರೆದಿಲ್ಲ. ಹೆಂಡತಿಯ ಮೇಲೆ ಇಷ್ಟು ಮಮತೆ ಇದ್ದವನು ಆ ದಿನ ಹತ್ತು ಜನರ ಎದುರು ಹಾಗೆ ಏಕೆ ಅಂದೆ?

ಇನ್ನು ಮುಂದೆ ರಿಜಿಸ್ಟರ್ ಕಳಿಸಿದರೆ ಸಹಿ ಹಾಕಿ ತೆಗೆದುಕೊಳ್ಳುವುದಿಲ್ಲ.

ಸರಿತಾ


ಮಸಗುಪ್ಪಿ
30 ಜೂನ್ 2025

ಸರಿತಾ,

ಇದು ಸಾದಾ ಅಂಚೆ. ಸಹಿ ಬೇಕಿಲ್ಲ.

ನಿನ್ನ ಹಿಂದಿನ ಪತ್ರ ಓದಿ ಕುಂಬಳಕಾಯಿ ಕಳ್ಳನ ಗಾದೆ ನೆನಪಾಯಿತು. ನಾನು ಕೇಳಿದ್ದು ಒಂದು ಸಾಲು, ನೀನು ಬರೆದದ್ದು ಒಂದು ಪುಟ, ಆ ಸಾಲು ಮಾತ್ರ ಅದರಲ್ಲಿಲ್ಲ. ಆದರೂ ದೂರು ಕೊಡಲಿಲ್ಲ. ಬರೆದು, ಲಕೋಟೆಗೆ ಹಾಕಿ, ಗಿರಣಿಯ ಗೂಡಿನಲ್ಲಿಟ್ಟಿದ್ದೆ. ನಿನ್ನೆ ಮಧ್ಯಾಹ್ನ ಅವ್ವ ಆಡಿದ ಮಾತು ಕೇಳಿ ತೆಗೆದು ಹರಿದೆ.

ಬಾಜೂ ಮನೆಯವಳು ಅವ್ವನಿಗೆ ತಲೆ ಬಾಚುತ್ತಿದ್ದಳು. ಇಷ್ಟೆಲ್ಲ ಆದರೂ ಬದುಕಿದಿಯಲ್ಲಬೇ ಎಂದಳು. ಅವ್ವ ನಕ್ಕಳು. ಕಾಲು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ನನ್ನ ಮಾತು ಒಂದನ್ನೂ ಸೇರಿಸಿಲ್ಲ:

"ಆವತ್ತ ರಗತ ತಗದಾದ ಮ್ಯಾಲ ನಮ್ಮ ಸರಿತಾನ ಕೈಯಾಗ ಒಂದ ಚಿಟಿಕಿ ಭಂಡಾರ ಹಾಕಿದ್ನಿ. ಮಾಯವ್ವ ಅಕಿ ಕೈಯಾಗ ಕುಂತ ನನ್ನ ಜೀವಾ ಉಳಿಸ್ಯಾಳ. ಬ್ಯಾರೆ ಯಾರಿಗೂ ನಾ ಆವತ್ತ ಚೀಲಾ ಬಿಚ್ಚಿಲ್ಲ."

ಭಂಡಾರದ ಚೀಲ ಅವ್ವನ ಸೊಂಟ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಕಾಶೆವ್ವ ಬೆಲ್ಟಿಗೆ ಹಚ್ಚುತ್ತಿದ್ದದ್ದೂ ಅವಳು ಕೊಟ್ಟದ್ದನ್ನೇ. ಅದು ನನಗೆ ಗೊತ್ತು, ನಿನಗೂ ಗೊತ್ತು.

ನಾನು ಇನ್ನು ನಿನಗೆ ಬರೆಯುವುದಿಲ್ಲ. ಅವ್ವನಿಗೂ ಏನೂ ಹೇಳಿಲ್ಲ.

ಬಾಳೇಶ


ಗೋಕಾಕ
20 ಜುಲೈ 2025

ಕಾಶೆವ್ವ ವೈನಿಯವರಿಗೆ,

ಅಣ್ಣನಿಗೆ ಬರೆಯಬೇಕಾದ ಉತ್ತರವನ್ನು ನಿಮಗೆ ಬರೆಯುತ್ತಿದ್ದೇನೆ. ಅವನು ಕೇಳಿದ್ದು ಒಂದು ಸಾಲು. ಅದು ಇದು: ನೀವು ಬಾಟಲಿ ಮುಟ್ಟಿದ್ದನ್ನು ನಾನು ನೋಡಿಲ್ಲ. ನೀವು ಮುಟ್ಟಿಲ್ಲ. ಬಾಟಲಿಗೆ ಹತ್ತಿದ ಭಂಡಾರ ನನ್ನ ಅಂಗೈಯದು.

ರಕ್ತ ತೆಗೆಯುವಾಗ ಕೈಗವಸು ಹಾಕಿದ್ದೆ. ತೆಗೆದಾದ ಮೇಲೆ ಗವಸು ಕಳಚಿ ಎಸೆದೆ. ಅವ್ವ ಜ್ವರದ ಕಣ್ಣಿನಲ್ಲೇ ಚೀಲ ಬಿಚ್ಚಿ ನನ್ನ ಅಂಗೈಗೆ ಭಂಡಾರ ಹಾಕಿದಳು. ಕೊಟ್ಟ ಭಂಡಾರವನ್ನು ಒಲ್ಲೆ ಎನ್ನುವುದು, ನೆಲಕ್ಕೆ ಝಾಡಿಸುವುದು ನಮ್ಮ ಮನೆಯಲ್ಲಿ ಇಲ್ಲ. ಹಣೆಗೆ ಹಚ್ಚಿಕೊಂಡೆ. ಗವಸಿನೊಳಗೆ ಬೆವತಿದ್ದ ಕೈ, ಉಳಿದ ಪುಡಿ ಅದಕ್ಕೇ ಅಂಟಿತು. ಅದೇ ಕೈಯಲ್ಲಿ ಬಾಟಲಿಯ ತಳ ಹಿಡಿದು ನಡೆದೆ. ಒಂದೇ ಬಾಟಲಿ ತೆಗೆದಿದ್ದೆ. ಎರಡೂ ತೋಳಿನಿಂದ ತೆಗೆಯಬೇಕು ಎಂಬ ನಿಯಮ ಇದೆ, ಅವ್ವನಿಗೆ ಎರಡು ಸಲ ಚುಚ್ಚಲು ಮನಸ್ಸು ಬರಲಿಲ್ಲ. ಇನ್ನೊಂದು ಇದ್ದಿದ್ದರೆ ಅದಾದರೂ ಖರೆ ಹೇಳುತ್ತಿತ್ತು.

ಮೊದಲ ಸಲ ಕೂಗಿದಾಗ ಬಾಟಲಿ ತಿರುವಿದ ಕೂಡಲೇ ನನಗೆ ತಿಳಿಯಿತು. ನನ್ನ ಹೆಬ್ಬೆರಳಿನ ಅಚ್ಚು ಅದರ ಮೇಲಿತ್ತು. ಒರೆಸಿದೆ, ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಕೂಗಿತು. ಹನಿ ತೆಗೆದು ನೋಡಲು ಹದಿನೈದು ನಿಮಿಷ ಸಾಕಿತ್ತು. ನೋಡಿದರೆ ಬರೆಯಬೇಕು. ಎರಡನೆಯದನ್ನು ಬರೆದರೆ ಮೊದಲನೆಯದು ಏನು ಎಂದು ಕೇಳುತ್ತಾರೆ. ಪುಡಿಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೇ ಸಲ ಏಕೆ ನೋಡಲಿಲ್ಲ ಎಂದು ಅಣ್ಣ ಕೇಳಿದ್ದ ಪ್ರಶ್ನೆಗೆ ಉತ್ತರ ಇಷ್ಟೇ. ನನ್ನ ಮರ್ಯಾದೆ ಉಳಿಯಲಿ ಎಂದು ಅವ್ವನ ರಕ್ತವನ್ನು ನೋಡದೆ ಒಂಬತ್ತು ತಾಸು ಬಿಟ್ಟೆ.

ಯಂತ್ರ ತನ್ನ ಲೆಕ್ಕ ತಾನೇ ಇಟ್ಟುಕೊಂಡಿತ್ತು. ವಿಚಾರಣೆಯ ದಿನ ದೊಡ್ಡ ಡಾಕ್ಟರು ಬಾಟಲಿ ಹಿಡಿದು, ಲೇಬಲ್ಲಿನ ಅಂಚಿನ ಹಳದಿ ತೋರಿಸಿ, ಇದನ್ನು ಹಚ್ಚಿದವರು ಯಾರು ಎಂದರು. ನಾನು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಪೇಶಂಟಿನ ಸೊಸೆ ಎಂದೆ. ಸೊಸೆ ಎಂದರೆ ಮುಂದೆ ಯಾರೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ.

ನಾನು ಡಿಪ್ಲೊಮಾ ಕಲಿಯುವಾಗ ಮೂರು ವರ್ಷ ಮೊದಲ ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟವರು ನೀವು. ಅದನ್ನು ನೆನೆದರೆ ನನಗೆ ಮೈಯೆಲ್ಲ ನಾಚಿಕೆಯಾಗುತ್ತದೆ. ಹದಿನಾಲ್ಕನೇ ತಾರೀಕು ಆಸ್ಪತ್ರೆಗೆ ನಿಜ ಬರೆದುಕೊಟ್ಟೆ. ನಿಮ್ಮ ಮೇಲಿನ ಮಾತನ್ನು ಕಡತದಿಂದ ಹೊಡೆದು ಹಾಕಿದ್ದಾರೆ, ಅದರ ಪ್ರತಿ ಇದರೊಂದಿಗಿದೆ. ನನ್ನನ್ನು ಯಂತ್ರದ ಕೋಣೆಯಿಂದ ತೆಗೆದು ಹೊರಗೆ ಚೀಟಿ ಬರೆಯಲು ಕೂರಿಸಿದ್ದಾರೆ. ನೌಕರಿ ಉಳಿಯುತ್ತದೋ ಇಲ್ಲವೋ ಮುಂದಿನ ತಿಂಗಳು ಹೇಳುತ್ತಾರೆ. ಪ್ರತಿಯನ್ನು ನೀವು ಯಾರಿಗೆ ಬೇಕಾದರೂ ತೋರಿಸಬಹುದು. ಆ ದಿನ ನಡೆದದ್ದನ್ನೆಲ್ಲ ಬರೆದಿದ್ದೇನೆ, ಏನನ್ನೂ ಬಿಟ್ಟಿಲ್ಲ.

ನಿಮ್ಮ ನಾದಿನಿ ಎಂದು ಬರೆಯಲು ಕೈ ಬರುತ್ತಿಲ್ಲ,
ಸರಿತಾ


ಮಸಗುಪ್ಪಿ
11 ಆಗಸ್ಟ್ 2025

ಸರಿತಾ,

ನಿನ್ನ ಪತ್ರ ಹುಕ್ಕೇರಿಗೆ ಹೋಗಿ ಅಲ್ಲಿಂದ ಇಲ್ಲಿಗೆ ಬಂತು. ನಾನು ಅದಕ್ಕೂ ಮೊದಲೇ ಈ ಮನೆಗೆ ಬಂದಿದ್ದೇನೆ. ನಿನ್ನ ಕಾಗದ ಓದಿ ಬಂದಳು ಎಂದು ತಿಳಿಯಬೇಡ. ನಿಮ್ಮಣ್ಣ ಎರಡು ಸಲ ಒಬ್ಬರೇ ಬಂದರು, ನಾನು ಹೊಸ್ತಿಲು ದಾಟಲಿಲ್ಲ. ಮೂರನೇ ಸಲ ಅತ್ತೆಯನ್ನು ಟಂಟಂ ಗಾಡಿಯಲ್ಲಿ ಕೂಡ್ರಿಸಿಕೊಂಡು ಬಂದರು. ಅತ್ತೆ ಇಳಿಯುವಂತಿರಲಿಲ್ಲ. ಅಲ್ಲೇ ಕೂತು, ನನ್ನ ಸೀರೀ ನೆಟ್ಟಗ ಉಡಸವರ ಯಾರೂ ಇಲ್ಲವಾ ಎಂದರು. ಅವರಿಗಾಗಿ ಬಂದೆ. ನಿಮ್ಮಣ್ಣನ ಜೊತೆ ಇನ್ನೂ ಊಟಕ್ಕೆ ಕರೆಯುವಷ್ಟೇ ಮಾತು.

ನಾನು ಕಲಿತದ್ದು ಏಳನೆಯ ಇಯತ್ತೆ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೂರನೇ ಸಲ ನಿಮ್ಮಣ್ಣನನ್ನು ಎದುರಿಗೆ ಕೂಡ್ರಿಸಿ ಗಟ್ಟಿಯಾಗಿ ಓದಿದೆ. ಅವರು ಆ ದಿನ ಗಿರಣಿ ತೆರೆಯಲಿಲ್ಲ. ಆಸ್ಪತ್ರೆಯ ಪ್ರತಿಯನ್ನು ಗಿರಣಿಯ ಬಾಗಿಲಿಗೆ ಅಂಟಿಸಿದ್ದಾರೆ. ಜೋಳ ಬೀಸಿಸಲು ಬಂದವರೆಲ್ಲ ಓದಿಕೊಂಡು ಹೋಗುತ್ತಿದ್ದಾರೆ. ನನಗೆ ಅದರಿಂದ ಸಂತೋಷವಾಗಿದೆ, ಸುಳ್ಳೇಕೆ ಹೇಳಲಿ.

ಏನನ್ನೂ ಬಿಟ್ಟಿಲ್ಲ ಎಂದು ಬರೆದಿದ್ದೀ. ಬಿಟ್ಟಿದ್ದೀ.

ಅತ್ತೆ ನಿನ್ನ ಕೈಗೆ ಭಂಡಾರ ಹಾಕಿದಾಗ ನಾನು ಹಾಸಿಗೆಯ ಕಾಲದೆಸೆಗೆ ನಿಂತಿದ್ದೆ. ನಿನ್ನ ಅಂಗೈ ನೋಡಿದೆ. ನೀನು ಬಾಟಲಿಗೆ ಕೈ ಹಾಕುವ ಮೊದಲು ನಾನು ಹೇಳಿದೆ: "ಕೈ ತೊಳಕೊಂಡ ಹಿಡಿಯವಾ." ಹಾಲಿಗೆ ಹೆಪ್ಪು ಹಾಕುವಾಗಲೂ ನಾವು ಕೈ ತೊಳೆಯುತ್ತೇವೆ, ಅಷ್ಟು ತಿಳಿದು ಹೇಳಿದ್ದೆ. ಆಗ ನೀನು ಏನಂದೆ, ನೆನಪಿದೆಯಲ್ಲ? ಬಾಜೂ ಹಾಸಿಗೆಯವರು ಕೇಳುವ ಹಾಗೆ ಅಂದೆ: "ವೈನಿ, ನನ್ನ ಕೆಲಸಾ ನನಗ ಕಲಸಬ್ಯಾಡ್ರಿ." ಅವರು ನಕ್ಕರು. ನಾನು ಹಿಂದೆ ಸರಿದೆ.

ಆರು ತಿಂಗಳು ಬಾಯಿ ಬಿಡದೆ ಏಕಿದ್ದೆ ಎಂದು ನಿಮ್ಮಣ್ಣ ಈಗ ಕೇಳುತ್ತಾರೆ. ಹೇಳಲು ಹೋದ ದಿನವೇ ಕಾಲು ತಿಂದವಳಾಗಿದ್ದೆ. ಆಮೇಲೆ ಹೇಳಿದ್ದರೆ ನಾದಿನಿಯ ಮೇಲೆ ತಿರುಗಿಸುತ್ತಿದ್ದಾಳೆ ಎನ್ನುತ್ತಿದ್ದಿರಿ. ನೋಡಿದ್ದು ನೀನು, ನೋಡಿದ್ದು ನಾನು. ನೀನೇ ಹೇಳುತ್ತೀಯೋ ಇಲ್ಲವೋ ನೋಡೋಣ ಎಂದು ಕೂತೆ. ಹೇಳಿದೆ. ಆದರೆ ಹೇಳಿದ್ದರಲ್ಲೂ ನನ್ನ ಒಂದು ಮಾತನ್ನು ನುಂಗಿದೆ. ಅದಕ್ಕೆ ನಿನ್ನನ್ನು ನಾನು ಕ್ಷಮಿಸಿಲ್ಲ. ಕಟ್ಟಿಕೊಟ್ಟ ಬುತ್ತಿಯ ನೆನಪು ತೆಗೆಯಬೇಡ, ಅದನ್ನು ನಾನು ಲೆಕ್ಕಕ್ಕೆ ಕಟ್ಟಿದ್ದಲ್ಲ.

ಅತ್ತೆಗೆ ಇನ್ನೂ ಏನೂ ಗೊತ್ತಿಲ್ಲ, ಗಿರಣಿಯಲ್ಲಿ ಓದಿದವರೂ ಅವರ ಮುಂದೆ ಆ ಮಾತು ತೆಗೆದಿಲ್ಲ. ಮಗಳ ಕೈಯಿಂದಲೇ ಬದುಕಿದೆ ಎಂದು ಬಂದವರಿಗೆಲ್ಲ ಹೇಳುತ್ತಾರೆ. ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ ಎಂದು ನಿಮ್ಮಣ್ಣನಿಗೆ ಅಂದಿದ್ದೇನೆ. ಅದು ನೀನು ಬಂದು ಹೇಳಬೇಕಾದದ್ದು. ನನ್ನ ಮಾತನ್ನೂ ಸೇರಿಸಿ ಹೇಳಬೇಕು, ನಾನು ಹತ್ತಿರವೇ ನಿಂತಿರುತ್ತೇನೆ.

ಬರುವ ಭಾನುವಾರ ಬಾ. ನಿನ್ನನ್ನು ಕಂಡ ಕೂಡಲೇ ಅವರು ಸೊಂಟದ ಚೀಲ ಬಿಚ್ಚುತ್ತಾರೆ, ಕೈ ಚಾಚು ಎನ್ನುತ್ತಾರೆ. ಅದಕ್ಕೂ ಮೊದಲು ಹೇಳು. ಬಾಗಿಲಲ್ಲಿ ಚರಿಗೆಯಲ್ಲಿ ನೀರು ಇಟ್ಟಿರುತ್ತೇನೆ. ಬಂದವರು ಕಾಲು ತೊಳೆದು ಒಳಗೆ ಬರುತ್ತಾರೆ. ನೀನು ಕೈ ತೊಳೆದು ಬಾ.

ಕಾಶೆವ್ವ